ಟಿವಿಯ ಬೆನ್ನ ಮೇಲಿನ ತೂತುಗಳು

ಗೋಡೆಗೆ ಹಾಕಿದ ಟಿವಿಯನ್ನು ಸ್ವಲ್ಪ ಮುಂದಕ್ಕೆಳೆದು ಅದರ ಬೆನ್ನು ನೋಡಿದರೆ ಐವತ್ತು ವರ್ಷಗಳ ತೂತುಗಳು ಒಟ್ಟಿಗೇ ಸಿಗುತ್ತವೆ. ಒಂದು ಮೂಲೆಯಲ್ಲಿ ಆ್ಯಂಟೆನಾ ವೈರು ಕೂರುವ ದುಂಡನೆಯ ಸಾಕೆಟ್, ಅದರ ಪಕ್ಕ ಹಳದಿ, ಬಿಳಿ, ಕೆಂಪು ಬಣ್ಣದ ಎವಿ ಸಾಕೆಟ್‌ಗಳು, ಕೆಲವು ಸೆಟ್ಟುಗಳಲ್ಲಿ ಹದಿನೈದು ಸಣ್ಣ ರಂಧ್ರಗಳ ವಿಜಿಎ, ಆಮೇಲೆ ಚಪ್ಪಟೆ ಬಾಯಿಯ ಎರಡೋ ಮೂರೋ ಎಚ್‌ಡಿಎಂಐ. ಲ್ಯಾಪ್‌ಟಾಪನ್ನು ಟಿವಿಗೆ ಹಾಕಬೇಕೆನ್ನುವವರು ಅಂಗಡಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಯಾವ ಕೇಬಲ್ ಬೇಕು? ಅಂಗಡಿಯವರ ಉತ್ತರವೂ ಸಿದ್ಧವಾಗಿರುತ್ತದೆ. ಎರಡೂ ಕಡೆ ಎಚ್‌ಡಿಎಂಐ ಇದ್ದರೆ ಚಿಂತೆಯಿಲ್ಲ. ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಮಾತ್ರ ಇದ್ದರೆ ಅದಕ್ಕೊಂದು ಅಡಾಪ್ಟರ್. ತೀರಾ ಹಳೆಯದಾದರೆ ವಿಜಿಎ, ಸೌಂಡಿಗೆ ಬೇರೆ ವೈರು. ಆದರೆ ಒಂದು ಚಿತ್ರವನ್ನು ಮೇಜಿನ ಮೇಲಿಂದ ಗೋಡೆಯ ಮೇಲಕ್ಕೆ ಸಾಗಿಸುವ ಕೆಲಸಕ್ಕೆ ಇಷ್ಟು ಬಗೆಯ ತೂತು ಯಾಕೆ ಬೇಕಾದವು? ತಂತ್ರಜ್ಞಾನ ಬೆಳೆಯಿತು, ಹಳೆಯದು ಹೋಗಿ ಹೊಸದು ಬಂತು ಎಂಬುದು ರೂಢಿಯ ಉತ್ತರ. ಅದು ಅರ್ಧ ನಿಜ. ಉಳಿದರ್ಧ ಹಕ್ಕಿನ ಜಗಳ. ಮನೆಯವರು ದುಡ್ಡು ಕೊಟ್ಟು ತಂದ ಪರದೆಯ ಮೇಲೆ ಚಿತ್ರ ಹಾಕಲು ಯಾರಿಗೆ ಅಪ್ಪಣೆ ಇದೆ, ಆ ಅಪ್ಪಣೆ ಕೊಡುವವರು ಯಾರು ಎಂಬ ಜಗಳ ತೀರ್ಮಾನವಾದ ರೀತಿಯೇ ಆಯಾ ಕಾಲದ ಪ್ಲಗ್ಗಿನ ಆಕಾರವನ್ನು ನಿರ್ಧರಿಸಿದೆ ಎಂಬುದು ನನ್ನ ವಾದ.

ಟಿವಿ ಹುಟ್ಟಿದ್ದು ಪ್ರಸಾರ ಕೇಂದ್ರ ಕಳಿಸಿದ್ದನ್ನಷ್ಟೇ ತೋರಿಸುವ ಪೆಟ್ಟಿಗೆಯಾಗಿ. ಅದರೊಳಕ್ಕೆ ಹೋಗಲು ಇದ್ದ ದಾರಿ ಆ್ಯಂಟೆನಾ ಒಂದೇ. ಬೇರೆ ಯಾರಾದರೂ ಅದರಲ್ಲಿ ಚಿತ್ರ ತೋರಿಸಬೇಕೆಂದರೆ ತಾವೂ ಒಂದು ಪುಟ್ಟ ಪ್ರಸಾರ ಕೇಂದ್ರದ ವೇಷ ಹಾಕಬೇಕಿತ್ತು. 1972ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಮೊದಲ ಮನೆಬಳಕೆಯ ವಿಡಿಯೊ ಗೇಮ್ ಮಾಡಿದ್ದು ಇದನ್ನೇ. ರಾಲ್ಫ್ ಬೇರ್ ಎಂಬ ಎಂಜಿನಿಯರ್ 1966ರಿಂದ ಬೆನ್ನುಹತ್ತಿ ರೂಪಿಸಿದ ಆ ಯಂತ್ರ ತನ್ನ ಬೆಳಕಿನ ಚುಕ್ಕೆಗಳನ್ನು 3 ಅಥವಾ 4ನೇ ಚಾನೆಲ್ಲಿನ ತರಂಗದ ಮೇಲೆ ಏರಿಸಿ ಆ್ಯಂಟೆನಾ ಜಾಗಕ್ಕೆ ಕೊಡುತ್ತಿತ್ತು. ಟಿವಿ ಅದನ್ನು ಇನ್ನೊಂದು ಸ್ಟೇಷನ್ ಎಂದೇ ನಂಬಿ ತೋರಿಸುತ್ತಿತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಅಲ್ಲಿನ ‘ರೇಡಿಯೊ-ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಡಾನ್ ಲ್ಯಾಂಕಾಸ್ಟರ್ ಅವರ ‘ಟಿವಿ ಟೈಪ್‌ರೈಟರ್’ ಬಂತು; ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಮನೆಯ ಟಿವಿಯಲ್ಲೇ ಮೂಡುವಂತೆ ಮಾಡುವ ಕಿಟ್ ಅದು. ನಮ್ಮ ಕಡೆಯೂ ಹೊರಗಿನ ಚಿತ್ರ ಈ ವೇಷದಲ್ಲೇ ಬಂತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹದಿಂದ ಕಾರ್ಯಕ್ರಮ ಇಳಿಯುತ್ತಿದ್ದಾಗ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್ ಸಿಗ್ನಲ್ ಹಿಡಿದರೆ, ಅದನ್ನು ಟಿವಿಗೆ ತಿಳಿಯುವ ಮಾಮೂಲಿ ಪ್ರಸಾರದ ರೂಪಕ್ಕೆ ತರಲು ನಡುವೆ ಒಂದು ಪರಿವರ್ತಕ ಪೆಟ್ಟಿಗೆ ಇರುತ್ತಿತ್ತು.

ವೇಷ ಹಾಕುವುದಕ್ಕೂ ಪರವಾನಗಿ ಬೇಕಿತ್ತು ಎಂಬುದು ಕಂಪ್ಯೂಟರುಗಳು ಮನೆಗೆ ಬಂದಾಗ ಗೊತ್ತಾಯಿತು. ಚಾನೆಲ್ಲಿನ ತರಂಗ ಹುಟ್ಟಿಸುವ ಸಾಧನ ಪಕ್ಕದ ಮನೆಯ ಟಿವಿಗೆ ತೊಂದರೆ ಕೊಡಬಾರದೆಂದು ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಬಿಗಿಯಾದ ನಿಯಮ ಇಟ್ಟಿತ್ತು. 1977ರಲ್ಲಿ ಆ್ಯಪಲ್-2 ಬಂದಾಗ ಕಂಪನಿ ಈ ತಲೆನೋವೇ ಬೇಡವೆಂದು ತರಂಗಕ್ಕೇರಿಸುವ ಮಾಡ್ಯುಲೇಟರನ್ನು ಯಂತ್ರದ ಜೊತೆ ಕೊಡಲೇ ಇಲ್ಲ. ಅದನ್ನು ಬೇರೊಂದು ಪುಟ್ಟ ಕಂಪನಿ ಪ್ರತ್ಯೇಕವಾಗಿ ಮಾರಿತು, ಗಿರಾಕಿ ಎರಡನ್ನೂ ತಂದು ಮನೆಯಲ್ಲಿ ಸೇರಿಸಿಕೊಂಡ. 1979ರ ಅಟಾರಿ 400 ಮತ್ತು 800 ಮಾಡ್ಯುಲೇಟರನ್ನು ಒಳಗೇ ಇಟ್ಟುಕೊಂಡವು. ಅದಕ್ಕೆ ಬೆಲೆಯಾಗಿ ಒಳಗಿನ ಸರ್ಕ್ಯೂಟಿನ ಸುತ್ತ ದಪ್ಪನೆಯ ಅಲ್ಯುಮಿನಿಯಮ್ ಎರಕದ ಕವಚ ತೊಡಬೇಕಾಯಿತು. ಅದೇ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತನ್ನ ಟಿಐ-99/4 ಕಂಪ್ಯೂಟರನ್ನು ಮಾನಿಟರ್ ಸಮೇತ ಮಾರತೊಡಗಿತು. ಮನೆಯಲ್ಲಿ ಬಣ್ಣದ ಟಿವಿ ಇದ್ದವರೂ ಇನ್ನೊಂದು ಪರದೆ ಕೊಳ್ಳುವಂತಾಯಿತು. ಮೂರೂ ಯಂತ್ರಗಳ ಒಳಗಿನ ಜಾಣ್ಮೆ ಹೆಚ್ಚುಕಮ್ಮಿ ಒಂದೇ ಮಟ್ಟದ್ದು. ಟಿವಿಗೆ ಸೇರುವ ದಾರಿ ಮಾತ್ರ ಮೂರು ಬಗೆ. ವ್ಯತ್ಯಾಸ ಬಂದದ್ದು ಚಿತ್ರದ ಗುಣಮಟ್ಟದಿಂದಲ್ಲ, ಒಂದೇ ನಿಯಮವನ್ನು ಒಬ್ಬೊಬ್ಬರು ಒಂದೊಂದು ರೀತಿ ಎದುರಿಸಿದ್ದರಿಂದ.

ಇಲ್ಲೊಂದು ಗಟ್ಟಿಯಾದ ಆಕ್ಷೇಪಣೆ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಚಿತ್ರವನ್ನು ತರಂಗಕ್ಕೆ ಏರಿಸಿ ಮತ್ತೆ ಇಳಿಸುವ ಸುತ್ತುದಾರಿ ಬಿಟ್ಟು ಟಿವಿಗೆ ನೇರವಾಗಿ ಕೊಡದೆ ಇದ್ದುದಕ್ಕೆ ಹಕ್ಕಿನ ಜಗಳ ಕಾರಣವಲ್ಲ, ಕರೆಂಟಿನ ಭಯ ಕಾರಣ ಎನ್ನಬಹುದು. ಹಳೆಯ ಟಿವಿಗಳಲ್ಲಿ ಖರ್ಚು ಉಳಿಸಲೆಂದು ಟ್ರಾನ್ಸ್‌ಫಾರ್ಮರ್ ಬಿಟ್ಟು ಒಳಗಿನ ಚಾಸಿಯನ್ನೇ ಮನೆಯ ಕರೆಂಟಿಗೆ ನೇರ ಜೋಡಿಸುವುದು ಸಾಮಾನ್ಯವಾಗಿತ್ತು. ಅಂಥ ಸೆಟ್ಟಿಗೆ ಒಂದು ವೈರು ನೇರವಾಗಿ ಹಾಕಿದರೆ ಇನ್ನೊಂದು ತುದಿಯಲ್ಲಿ ಕೈಯಿಟ್ಟವರಿಗೆ ಶಾಕ್ ಹೊಡೆಯುವ ಸಾಧ್ಯತೆ ನಿಜವಾಗಿಯೂ ಇತ್ತು. ಆ್ಯಂಟೆನಾ ಸಾಕೆಟ್ ಮಾತ್ರ ಒಳಗಿನ ಕೆಪಾಸಿಟರುಗಳಿಂದಾಗಿ ಸುರಕ್ಷಿತ. ಈ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಆದರೆ ಇದು ನಿಸರ್ಗದ ನಿಯಮವಲ್ಲ, ಉಳಿತಾಯದ ಲೆಕ್ಕ. ತಯಾರಕರಿಗೆ ಸೆಟ್ಟಿನ ವಿದ್ಯುತ್ ಪೂರೈಕೆಯನ್ನು ಬೇರ್ಪಡಿಸಿಡಲು ಆಗುತ್ತಿತ್ತು. ಯಾರೂ ಕೇಳದ ಕಾರಣ ಮಾಡಲಿಲ್ಲ. ಕೇಳುವವರೊಬ್ಬರು ಬಂದಾಗ ಏನಾಯಿತು ಎನ್ನುವುದಕ್ಕೆ ಫ್ರಾನ್ಸ್ ಸಾಕ್ಷಿ.

ಫ್ರಾನ್ಸಿನ ರೇಡಿಯೊ-ಟಿವಿ ತಯಾರಕರ ಸಂಘ 21 ಪಿನ್ನುಗಳ ಒಂದು ದೊಡ್ಡ ಪ್ಲಗ್ ರೂಪಿಸಿತು. ಸಂಘದ ಹೆಸರಿನ ಮೊದಲಕ್ಷರಗಳಿಂದಲೇ ಅದು ‘ಸ್ಕಾರ್ಟ್’ ಆಯಿತು. 1980ರಿಂದ ಅಲ್ಲಿ ಮಾರುವ ಪ್ರತಿ ಹೊಸ ಟಿವಿಯಲ್ಲೂ ಆ ಸಾಕೆಟ್ ಇರಲೇಬೇಕೆಂದು ಸರ್ಕಾರ ಕಡ್ಡಾಯ ಮಾಡಿತು; ಈ ಕಟ್ಟಳೆ 2015ರವರೆಗೂ ಉಳಿಯಿತು. ಹೊರದೇಶದ ಸೆಟ್ಟುಗಳಿಗೆ ಅಡ್ಡಗಾಲು ಹಾಕುವ ಉಪಾಯವಿದು ಎಂಬ ಟೀಕೆಯೂ ಇತ್ತು, ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೂ ಪರಿಣಾಮ ನೋಡಿ: ಕೆಂಪು, ಹಸಿರು, ನೀಲಿ ಬಣ್ಣಗಳು ಬೇರೆಬೇರೆ ತಂತಿಯಲ್ಲಿ, ಧ್ವನಿ ಅದೇ ಪ್ಲಗ್ಗಿನ ಇನ್ನೆರಡು ಪಿನ್ನುಗಳಲ್ಲಿ, ಟಿವಿಯ ಎದೆಯೊಳಕ್ಕೇ ಹೋಗುವ ದಾರಿ ಮನೆಮನೆಗೂ ಸಿಕ್ಕಿತು. ಥಾಮ್ಸನ್ ಕಂಪನಿಯ ಟಿಒ7 ಕಂಪ್ಯೂಟರ್ 1982ರಲ್ಲಿ ಇದೇ ದಾರಿಯಿಂದ ಟಿವಿಗೆ ಸೇರಿತು. 1985ರಲ್ಲಿ ಫ್ರೆಂಚ್ ಸರ್ಕಾರ ಎಲ್ಲರಿಗೂ ಕಂಪ್ಯೂಟರ್ ಕಲಿಸುವ ಯೋಜನೆಯಡಿ ಶಾಲೆಗಳಿಗೆ ಸುಮಾರು 1,20,000 ಯಂತ್ರ ಹಂಚಿದಾಗ ಅವುಗಳಲ್ಲಿ ಬಹುಪಾಲು ಥಾಮ್ಸನ್‌ನವೇ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಭಾರತದ ಶಾಲೆಗಳಿಗೆ ‘ಕ್ಲಾಸ್’ ಯೋಜನೆಯಲ್ಲಿ ಬಂದದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೊ. ಅದರ ಬೆನ್ನಿನಲ್ಲಿ ಮೂರು ಸಾಕೆಟ್ಟು: ಒಂದು ಆ್ಯಂಟೆನಾ ದಾರಿಗೆ, ಒಂದು ಸರಳ ವಿಡಿಯೊಗೆ, ಇನ್ನೊಂದು ಮೂರು ಬಣ್ಣ ಬೇರೆಯಾಗಿ ಕೊಡುವುದಕ್ಕೆ. ಎದುರಿಗಿರುವ ಟಿವಿ ಯಾರ ಅಪ್ಪಣೆಯಲ್ಲಿ ತಯಾರಾದದ್ದೋ ಗೊತ್ತಿಲ್ಲದಿದ್ದರೆ ಮೂರಕ್ಕೂ ಸಿದ್ಧವಿರಬೇಕಲ್ಲ.

ಈ ವಾದ ಎಲ್ಲ ಕಾಲಕ್ಕೂ ಸಮನಾಗಿ ಹೊಂದುವುದಿಲ್ಲ. 1987ರ ಏಪ್ರಿಲಿನಲ್ಲಿ ಐಬಿಎಂ ತನ್ನ ಪಿಎಸ್/2 ಯಂತ್ರಗಳೊಂದಿಗೆ ವಿಜಿಎ ತಂದಾಗ ಕಂಪ್ಯೂಟರ್ ಟಿವಿಯಿಂದ ದೂರ ಸರಿದದ್ದು ನಿಜಕ್ಕೂ ಎಂಜಿನಿಯರಿಂಗ್ ಕಾರಣಕ್ಕೆ. ನಮ್ಮ ದೂರದರ್ಶನದ ಪಾಲ್ ಪದ್ಧತಿಯಲ್ಲಿ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, ಅಂದರೆ ಸೆಕೆಂಡಿಗೆ 15,625 ಗೆರೆ. ಅದೂ ಮೊದಲು ಬೆಸ ಗೆರೆ, ಆಮೇಲೆ ಸರಿ ಗೆರೆ ಎಂದು ಎರಡು ಕಂತಿನಲ್ಲಿ. ಓಡಾಡುವ ಮನುಷ್ಯರನ್ನು ತೋರಿಸಲು ಇಷ್ಟು ಸಾಕು. ಅಕ್ಷರದ ತೆಳುವಾದ ಅಡ್ಡಗೆರೆ ಒಂದೇ ಕಂತಿನಲ್ಲಿ ಬಂದು ಹೋಗುವುದರಿಂದ ಮಿಣಮಿಣ ಎನ್ನುತ್ತದೆ, ದಿನವಿಡೀ ಓದುವ ಕಣ್ಣಿಗೆ ಅದು ಹಿಂಸೆ. ವಿಜಿಎ ಗೆರೆಯ ವೇಗವನ್ನು ಸೆಕೆಂಡಿಗೆ ಸುಮಾರು 31,500ಕ್ಕೆ ಏರಿಸಿತು, ಕಂತು ಬಿಟ್ಟಿತು. ಅದರ ಪ್ಲಗ್ಗನ್ನು ಹೇಗೋ ಟಿವಿಗೆ ಸೇರಿಸಿದ್ದರೂ ಟಿವಿ ಆ ವೇಗಕ್ಕೆ ಓಡಲಾರದು. ಮುಂದಿನ ಹದಿನೈದು ವರ್ಷ ಎರಡೂ ಬೇರೆಬೇರೆ ಸಂಸಾರ ನಡೆಸಿದವು. ಮನೆಯ ಟಿವಿಗೆ ವಿಸಿಆರ್, ಆಮೇಲೆ ವಿಸಿಡಿ ಪ್ಲೇಯರ್, ಟಿವಿ ಗೇಮ್, ಸೆಟ್‌ಟಾಪ್ ಬಾಕ್ಸ್ ಬಂದು ಹಳದಿ-ಬಿಳಿ-ಕೆಂಪು ಪಿನ್ನು ಕನ್ನಡನಾಡಿನ ಮೂಲೆಮೂಲೆಗೂ ಪರಿಚಯವಾಯಿತು. ಆ ಪಿನ್ನನ್ನು ಅಮೆರಿಕದ ಆರ್‌ಸಿಎ ಕಂಪನಿ ಮೂಲದಲ್ಲಿ ರೂಪಿಸಿದ್ದು ಗ್ರಾಮಫೋನನ್ನು ರೇಡಿಯೊಗೆ ಸೇರಿಸಲು. ಲ್ಯಾಪ್‌ಟಾಪುಗಳು ನಾಲ್ಕು ಪಿನ್ನಿನ ಎಸ್-ವಿಡಿಯೊ ಎಂಬ ಒಂದು ದುಂಡನೆಯ ಸಾಕೆಟ್ ಇಟ್ಟುಕೊಂಡು ಟಿವಿಯ ಕಡೆ ಕೈಚಾಚಿದವು, ಆದರೆ ಅದರಲ್ಲಿ ಬಂದ ಅಕ್ಷರ ನೀರಿನಲ್ಲಿ ನೆನೆದ ಕಾಗದದ ಬರಹದಂತಿರುತ್ತಿತ್ತು. ಈ ಅವಧಿಯ ಬೇರ್ಪಡೆಗೆ ಯಾರ ಹಕ್ಕನ್ನೂ ದೂರಬೇಕಿಲ್ಲ.

ದೂರಬೇಕಾದದ್ದು ಅವೆರಡೂ ಮತ್ತೆ ಸೇರಿದ ಸಂದರ್ಭವನ್ನು. ಎಲ್‌ಸಿಡಿ ಬಂದ ಮೇಲೆ ಗೆರೆಯ ವೇಗದ ತಕರಾರು ಅಳಿಯಿತು. ಟಿವಿಯೂ ಮಾನಿಟರೂ ಒಳಗೆ ಒಂದೇ ಬಗೆಯ ಗಾಜಿನ ಫಲಕ. 1999ರಲ್ಲಿ ಇಂಟೆಲ್, ಸಿಲಿಕಾನ್ ಇಮೇಜ್, ಕಾಂಪ್ಯಾಕ್, ಐಬಿಎಂ ಮುಂತಾದ ಕಂಪ್ಯೂಟರ್ ಕಂಪನಿಗಳು ಡಿವಿಐ ತಂದು ಚಿತ್ರವನ್ನು ಅಂಕಿಗಳ ರೂಪದಲ್ಲೇ ಪರದೆಗೆ ತಲುಪಿಸಿದವು. ಟಿವಿಗೂ ಅದನ್ನೇ ಕೊಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಂಕಿಗಳ ರೂಪದ ಚಿತ್ರವನ್ನು ಎಷ್ಟು ಸಲ ನಕಲು ಮಾಡಿದರೂ ಮಸುಕಾಗುವುದಿಲ್ಲ, ಸಿನಿಮಾ ಸ್ಟುಡಿಯೊಗಳ ಭಯ ಅದು. ಈ ಭಯ ಹಳೆಯದೇ. ಮನೆಯಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಬೀಟಾಮ್ಯಾಕ್ಸ್ ಯಂತ್ರದ ಮೇಲೆ ಯೂನಿವರ್ಸಲ್ ಮತ್ತು ಡಿಸ್ನಿ ಸ್ಟುಡಿಯೊಗಳು 1976ರಲ್ಲಿ ಸೋನಿ ವಿರುದ್ಧ ದಾವೆ ಹೂಡಿದ್ದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಸೋನಿಯ ಪರ ತೀರ್ಪು ಕೊಟ್ಟಿತು. ಆಗ ಟಿವಿ-ವಿಸಿಆರ್ ತಯಾರಕರು ಒಂದು ಕಡೆ, ಸಿನಿಮಾದವರು ಇನ್ನೊಂದು ಕಡೆ. ಆರು ವರ್ಷ ಕಳೆಯುವುದರೊಳಗೆ ಸೋನಿ ಕೊಲಂಬಿಯಾ ಸ್ಟುಡಿಯೊವನ್ನೇ ಕೊಂಡಿತು. ಮರುವರ್ಷ ಮತ್ಸುಶಿತಾ ಕಂಪನಿ ಯೂನಿವರ್ಸಲ್‌ನ ಒಡೆತನದ ಸಂಸ್ಥೆಯನ್ನು ಕೊಂಡು, ಕೆಲವು ವರ್ಷ ಇಟ್ಟುಕೊಂಡು, ಬಹುಪಾಲನ್ನು ಮಾರಿತು. ತೀರ್ಪಿನಲ್ಲಿ ಗೆದ್ದ ಕಡೆಯವರೇ ಹೀಗೆ ಸೋತ ಕಡೆಯ ಸೊತ್ತಿಗೂ ಯಜಮಾನರಾದರು.

2002ರ ಡಿಸೆಂಬರಿನಲ್ಲಿ ಎಚ್‌ಡಿಎಂಐ ಮೊದಲ ಆವೃತ್ತಿ ಹೊರಬಂದಾಗ ಅದರ ಹಿಂದೆ ಇದ್ದ ಏಳು ಕಂಪನಿಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ: ಹಿಟಾಚಿ, ಮತ್ಸುಶಿತಾ, ಫಿಲಿಪ್ಸ್, ಸಿಲಿಕಾನ್ ಇಮೇಜ್, ಸೋನಿ, ಥಾಮ್ಸನ್, ತೋಷಿಬಾ. ಬೆಂಬಲಕ್ಕೆ ಫಾಕ್ಸ್, ಯೂನಿವರ್ಸಲ್, ವಾರ್ನರ್, ಡಿಸ್ನಿ ಸ್ಟುಡಿಯೊಗಳು. ಸ್ಕಾರ್ಟ್ ಕಾಲದಲ್ಲಿ ಸರ್ಕಾರದ ಕಟ್ಟಳೆಯ ನೆರಳಿನಲ್ಲಿ ಟಿವಿಯನ್ನು ಎಲ್ಲರಿಗೂ ತೆರೆದ ಥಾಮ್ಸನ್ ಈಗ ಇಲ್ಲಿದೆ. ಹೊಸ ಪ್ಲಗ್ಗಿನ 19 ಪಿನ್ನುಗಳಲ್ಲಿ ಮೊದಲ ಹನ್ನೆರಡು ಚಿತ್ರಕ್ಕೆ ಮತ್ತು ಅದರೊಳಗೇ ಅಡಗಿ ಹೋಗುವ ಧ್ವನಿಗೆ. 18ನೆಯದು ಐದು ವೋಲ್ಟ್ ಕರೆಂಟು ಕೊಡುತ್ತದೆ, 19ನೆಯದು ಪರದೆ ಸೇರಿಕೊಂಡಿದೆ ಎಂದು ತಿಳಿಸುತ್ತದೆ. ಗಮನಿಸಬೇಕಾದವು 15 ಮತ್ತು 16. ಲ್ಯಾಪ್‌ಟಾಪು ಟಿವಿಯನ್ನು ‘ನೀನು ಯಾರು, ಎಷ್ಟು ದೊಡ್ಡ ಚಿತ್ರ ತೋರಿಸಬಲ್ಲೆ’ ಎಂದು ವಿಚಾರಿಸುವುದು ಈ ಎರಡು ತಂತಿಗಳಲ್ಲಿ. ಟಿವಿ ತನ್ನ ತಯಾರಕರ ಮೂರಕ್ಷರದ ಗುರುತು, ತನಗೆ ಒಗ್ಗುವ ಅಳತೆಗಳನ್ನು ಹೇಳುತ್ತದೆ. ಈ ಪರಿಚಯದ ಪದ್ಧತಿ 1994ರಲ್ಲಿ ಮಾನಿಟರುಗಳಿಗಾಗಿ ಬಂದ ಒಳ್ಳೆಯ ಸೌಕರ್ಯ. ಅದೇ ಎರಡು ತಂತಿಗಳ ಮೇಲೆ ಈಗ ಇನ್ನೊಂದು ಮಾತುಕತೆಯೂ ನಡೆಯುತ್ತದೆ. ಇಂಟೆಲ್ 2000ದಲ್ಲಿ ರೂಪಿಸಿದ ಎಚ್‌ಡಿಸಿಪಿ ಎಂಬ ಬೀಗದ ವಿಚಾರಣೆ ಅದು: ನಿನ್ನ ಬಳಿ ಪರವಾನಗಿ ಪಡೆದ ಕೀಲಿ ಇದೆಯೇ? ಇಲ್ಲವೆಂದರೆ ಕಾಪಿಡಬೇಕಾದ ಚಿತ್ರ ಹರಿಯುವುದಿಲ್ಲ. ಬೀಗ ಕಡ್ಡಾಯವಾಗಿರಲಿಲ್ಲ ಎನ್ನುವವರು ಆ ಕಾಲದ ದರಪಟ್ಟಿ ನೋಡಬೇಕು. ಪ್ರತಿ ಯಂತ್ರಕ್ಕೆ ಕೊಡಬೇಕಾದ ಶುಲ್ಕ 15 ಸೆಂಟ್, ಎಚ್‌ಡಿಎಂಐ ಗುರುತನ್ನು ಹಾಕಿಕೊಂಡರೆ 5 ಸೆಂಟ್, ಗುರುತಿನ ಜೊತೆ ಬೀಗವನ್ನೂ ಹಾಕಿಕೊಂಡರೆ 4 ಸೆಂಟ್. ಒಂದು ಸೆಂಟಿನ ಆ ರಿಯಾಯಿತಿ ಲಕ್ಷಾಂತರ ಸೆಟ್ಟು ಮಾಡುವವರಿಗೆ ಸಣ್ಣದಲ್ಲ.

ಬೀಗವಿಲ್ಲದಿದ್ದರೆ ಸ್ಟುಡಿಯೊಗಳು ಹೈ ಡೆಫಿನಿಷನ್ ಸಿನಿಮಾ ಕೊಡುತ್ತಲೇ ಇರಲಿಲ್ಲ, ಸಿನಿಮಾ ಇಲ್ಲದ ಟಿವಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ, ಆದ್ದರಿಂದ ಬೀಗವೇ ಎಚ್‌ಡಿಎಂಐಗೆ ಜೀವ ಕೊಟ್ಟಿತು ಎಂಬ ವಾದವಿದೆ. ಕೇಳಲು ಸರಿಯಾಗಿದೆ, ದಾಖಲೆ ಬೇರೆ ಹೇಳುತ್ತದೆ. ಅಮೆರಿಕದ ಮೊದಲ ಹೈ ಡೆಫಿನಿಷನ್ ಟಿವಿಗಳಲ್ಲಿ ಬಹಳಷ್ಟಕ್ಕೆ ಇದ್ದದ್ದು ಹಸಿರು-ನೀಲಿ-ಕೆಂಪು ಬಣ್ಣದ ಮೂರು ಕಾಂಪೊನೆಂಟ್ ಸಾಕೆಟ್ ಮಾತ್ರ, ಅವುಗಳಿಗೆ ಅಂಥ ಬೀಗವೇ ಇಲ್ಲ. ಬ್ಲೂ-ರೇ ನಿಯಮದಲ್ಲಿ ಅಂಥ ಸಾಕೆಟ್ಟಿಗೆ ಹೋಗುವ ಚಿತ್ರವನ್ನು 960×540ಕ್ಕೆ ಕುಗ್ಗಿಸುವ ಅವಕಾಶವನ್ನು ಸ್ಟುಡಿಯೊಗಳಿಗೆ ಇಟ್ಟಿದ್ದರೂ ಅವು ವರ್ಷಗಟ್ಟಲೆ ಅದನ್ನು ಹೆಚ್ಚಾಗಿ ಬಳಸಲಿಲ್ಲ. ಉದ್ಯಮ ಮುಳುಗಲಿಲ್ಲ. ಬೀಗ ಹಾಕಿದ ಮೇಲಾದರೂ ಅದು ನಿಂತಿತೇ? 2001ರಲ್ಲೇ ಗುಪ್ತಲಿಪಿಯ ಸಂಶೋಧಕರು, ಸುಮಾರು ನಲವತ್ತು ಯಂತ್ರಗಳ ಕೀಲಿ ಸಿಕ್ಕರೆ ಇಡೀ ವ್ಯವಸ್ಥೆಯ ಮೂಲಕೀಲಿಯನ್ನು ಲೆಕ್ಕ ಹಾಕಬಹುದೆಂದು ತೋರಿಸಿದ್ದರು. 2010ರ ಸೆಪ್ಟೆಂಬರಿನಲ್ಲಿ ಆ ಮೂಲಕೀಲಿ ಸಾರ್ವಜನಿಕವಾಗಿಯೇ ಹೊರಬಿತ್ತು, ಅಸಲಿಯೆಂದು ಇಂಟೆಲ್ಲೂ ಒಪ್ಪಿಕೊಂಡಿತು. ನಕಲು ಮಾಡುವವರಿಗೆ ಬಾಗಿಲು ತೆರೆದೇ ಇತ್ತು. ಸಿಕ್ಕಿಬಿದ್ದವರು ದುಡ್ಡು ಕೊಟ್ಟ ಗಿರಾಕಿಗಳು: 2008ರ ಹೊಸ ಮ್ಯಾಕ್‌ಬುಕ್ ಕೊಂಡವರು ಐಟ್ಯೂನ್ಸ್‌ನಲ್ಲಿ ಕೊಂಡ ಸಿನಿಮಾವನ್ನು ಹಳೆಯ ಪರದೆಗೆ ಹಾಕಹೊರಟಾಗ, ಈ ಪರದೆಗೆ ಅಧಿಕಾರವಿಲ್ಲ ಎಂಬ ಉತ್ತರ ಬಂತು. ಆದರೂ ಬೀಗ ಸಡಿಲವಾಗಲಿಲ್ಲ; 2013ರ ಕೊನೆಯ ಬಳಿಕ ತಯಾರಾಗುವ ಬ್ಲೂ-ರೇ ಪ್ಲೇಯರುಗಳಿಂದ ಹಳೆಯ ಅನಲಾಗ್ ಚಿತ್ರದ ಸಾಕೆಟ್ಟುಗಳನ್ನೇ ತೆಗೆಸಲಾಯಿತು.

ಎಚ್‌ಡಿಎಂಐ ಜನರಿಗೆ ಕೊಟ್ಟದ್ದೇನೂ ಇಲ್ಲ ಎನ್ನುವುದು ಅನ್ಯಾಯ. ಚಿತ್ರ, ಧ್ವನಿ ಎರಡೂ ಒಂದೇ ವೈರಿನಲ್ಲಿ, ಸ್ಕ್ರೂ ತಿರುಗಿಸುವ ಕೆಲಸವಿಲ್ಲ, ಚಿತ್ರದ ಅಳತೆಯನ್ನು ಯಂತ್ರಗಳೇ ಮಾತಾಡಿಕೊಳ್ಳುತ್ತವೆ. ದುಬಾರಿ ಕೇಬಲ್ ಕೊಂಡರೆ ಬಣ್ಣ ಚೆನ್ನಾಗಿ ಬರುತ್ತದೆ ಎಂಬ ಮಾರಾಟದ ಮಾತನ್ನು ನಂಬಬೇಕಿಲ್ಲ. ಮನೆಯಲ್ಲಿ ಬೇಕಾದ ಎರಡು ಮೀಟರಿಗೆ ತಕ್ಕ ದರ್ಜೆಯ ಯಾವುದಾದರೂ ಸರಿ, ಅಂಕಿ ತಲುಪಿದರೆ ಪೂರ್ತಿ ಚಿತ್ರ, ಇಲ್ಲದಿದ್ದರೆ ಚುಕ್ಕೆ ಅಥವಾ ಕತ್ತಲೆ. ಹಾಗಿದ್ದೂ ಟಿವಿಯ ಮೇಲೆ ಪ್ರಸಾರಕರ ಹಳೆಯ ಹಕ್ಕಿನ ಗುರುತು ಉಳಿದಿದೆ. ಲ್ಯಾಪ್‌ಟಾಪು ಹಾಕಿದಾಗ ಕೆಲವು ಟಿವಿಗಳಲ್ಲಿ ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾಯವಾಗುವುದು ಅದರಿಂದಲೇ: ಪಿಕ್ಚರ್ ಟ್ಯೂಬಿನ ಅಂಚು ಸೊಟ್ಟಗಿರುತ್ತಿದ್ದುದರಿಂದ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನಾಚೆ ತಳ್ಳುವ ಪದ್ಧತಿಯಿತ್ತು, ಟ್ಯೂಬು ಹೋದರೂ ಪದ್ಧತಿ ಹೋಗಲಿಲ್ಲ. ಟಿವಿಯ ಮೆನುವಿನಲ್ಲಿ ‘ಸ್ಕ್ರೀನ್ ಫಿಟ್’, ‘ಜಸ್ಟ್ ಸ್ಕ್ಯಾನ್’ ಮುಂತಾದ ಹೆಸರಿನಲ್ಲಿ ಅದನ್ನು ನಿಲ್ಲಿಸುವ ಬಟನ್ ಇರುತ್ತದೆ. ಕಪ್ಪು ಬಣ್ಣ ಬೂದಿಯಂತೆ ಕಾಣುವುದೂ ಇದೇ ವಂಶದ ರೋಗ. ಕಪ್ಪೆಂದರೆ ಕಂಪ್ಯೂಟರಿಗೆ 0, ಟಿವಿ ಸ್ಟುಡಿಯೊದ ಲೆಕ್ಕದಲ್ಲಿ 16.

ಹಳೆಯದು ಕಟ್ಟಳೆಯ ದಿನಾಂಕಕ್ಕೆ ಸರಿಯಾಗಿ ಸಾಯುವುದೂ ಇಲ್ಲ. 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಸೇರಿ 2015ರ ವೇಳೆಗೆ ವಿಜಿಎ ಕೈಬಿಡುವುದಾಗಿ ಸಾರಿದವು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಚ್‌ಡಿಎಂಐನಿಂದ ವಿಜಿಎಗೆ ತಿರುಗಿಸುವ ಪುಟ್ಟ ಡಬ್ಬಿ ಆ ಗಡುವಿನ ನಂತರವೂ ಮಾರಾಟದಲ್ಲಿದೆ. ತರಗತಿಗಳ, ಕಚೇರಿಗಳ ಪ್ರೊಜೆಕ್ಟರು ಇನ್ನೂ ನೀಲಿ ಪ್ಲಗ್ಗನ್ನೇ ಕೇಳಿದರೆ ಬೇರೆ ದಾರಿಯಿಲ್ಲ. ಆ ಡಬ್ಬಿಯೊಳಗೆ ಅಂಕಿಯನ್ನು ಅಲೆಯಾಗಿಸುವ ಚಿಪ್ ಇರಬೇಕು, 18ನೇ ಪಿನ್ನಿನ ಐದು ವೋಲ್ಟ್ ಅದಕ್ಕೆ ಊಟ. ಚಿಪ್ ಇಲ್ಲದೆ ಎರಡು ತುದಿಗೆ ಎರಡು ಪ್ಲಗ್ ಬೆಸೆದ ಬರೀ ವೈರು ಕೆಲಸಕ್ಕೆ ಬಾರದು. ವಿಜಿಎಯಿಂದ ಎಚ್‌ಡಿಎಂಐಗೆ ತಿರುಗಿಸುವುದು ಬೇರೆಯೇ ಡಬ್ಬಿ, ಉಲ್ಟಾ ಹಾಕಿದರೆ ನಡೆಯದು. ಡಬ್ಬಿಗೆ ಎಚ್‌ಡಿಸಿಪಿ ಕೀಲಿ ಇಲ್ಲದಿದ್ದರೆ ಪವರ್‌ಪಾಯಿಂಟ್ ಬರುತ್ತದೆ, ಬೀಗವಿರುವ ಸಿನಿಮಾ ಬರುವುದಿಲ್ಲ.

ಇನ್ನು ಕೇಬಲ್ಲೇ ಬೇಡ, ಎಲ್ಲವೂ ವೈ-ಫೈ ಮೇಲೆ ಹೋಗುತ್ತದೆ, ಈ ಇತಿಹಾಸಕ್ಕೆ ಬೆಲೆಯೇನು ಎಂದು ಕೇಳಬಹುದು. 2012ರ ಮಿರಾಕಾಸ್ಟ್ ಲ್ಯಾಪ್‌ಟಾಪಿನ ಪರದೆಯನ್ನು ಗಾಳಿಯಲ್ಲೇ ಟಿವಿಗೆ ಕಳಿಸುತ್ತದೆ ನಿಜ. ಎಚ್‌ಡಿಸಿಪಿಯ ಎರಡನೇ ಪೀಳಿಗೆಯ ಬೀಗ ಅಲ್ಲಿಗೂ ಹೋಗಿದೆ. ತಂತಿ ಬಿಟ್ಟರೂ ವಿಚಾರಣೆ ಬಿಟ್ಟಿಲ್ಲ. ಟೈಪ್-ಸಿ ವಿಷಯದಲ್ಲಿ ಒಂದೇ ತೂತು ಎಲ್ಲಕ್ಕೂ ಎಂಬ ಆಸೆ ಹುಟ್ಟಿತ್ತು, ಆದರೆ ಒಂದೇ ಆಕಾರದ ಎರಡು ಸಾಕೆಟ್ಟುಗಳಲ್ಲಿ ಒಂದು ಚಿತ್ರ ಕೊಡುತ್ತದೆ, ಇನ್ನೊಂದು ಚಾರ್ಜು ಮತ್ತು ಡೇಟಾ ಮಾತ್ರ. ಪಕ್ಕದ ಸಣ್ಣ ಗುರುತು ಅಥವಾ ಕೈಪಿಡಿ ನೋಡದೆ ಗೊತ್ತಾಗುವುದಿಲ್ಲ. ಚಿತ್ರ ಕೊಡುವವು ಬಹುತೇಕ ಒಳಗೆ ಡಿಸ್‌ಪ್ಲೇಪೋರ್ಟ್ ಪದ್ಧತಿಯವು. ಅದು 2006ರಲ್ಲಿ ವೀಸಾ ಎಂಬ ಕಂಪ್ಯೂಟರ್ ಉದ್ಯಮದ ಮಾನಕ ಸಂಸ್ಥೆಯಿಂದ, ಎಚ್‌ಡಿಎಂಐನಂಥ ಶುಲ್ಕವಿಲ್ಲದೆ ಬಂದದ್ದು. ಎರಡು ಸಂಸಾರಗಳ ಹಳೆಯ ಗಡಿ ಈಗಲೂ ಎಲ್ಲಿದೆಯೆಂದು ನೋಡಲು 2024ರ ಫೆಬ್ರವರಿಗೆ ಹೋಗಬೇಕು. ಲಿನಕ್ಸ್ ಬಳಸುವವರಿಗಾಗಿ ಎಎಂಡಿ ಕಂಪನಿ ಎಚ್‌ಡಿಎಂಐ 2.1ರ ಮುಕ್ತ ಡ್ರೈವರ್ ಸಿದ್ಧಪಡಿಸಿ ಅಪ್ಪಣೆ ಕೇಳಿತ್ತು. ಸಾಫ್ಟ್‌ವೇರಿನ ಒಳಗನ್ನು ಎಲ್ಲರಿಗೂ ತೋರಿಸುವಂತಿಲ್ಲವೆಂದು ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ. ಅದೇ ಯಂತ್ರದ ಡಿಸ್‌ಪ್ಲೇಪೋರ್ಟ್ ಸಾಕೆಟ್ಟಿನಿಂದ 4ಕೆ ಚಿತ್ರ ಸೆಕೆಂಡಿಗೆ 120 ಸಲ ಸಲೀಸಾಗಿ ಬರುತ್ತಿತ್ತು. ಆದರೆ ಡಿಸ್‌ಪ್ಲೇಪೋರ್ಟ್ ಸಾಕೆಟ್ ಇರುವ ಟಿವಿ ಅಂಗಡಿಯಲ್ಲಿ ಸಿಗುವುದೇ ಅಪರೂಪ.